ಅಣುವಿನ ಹಿನ್ನೆಲೆಯೂ ಪಾಠ ಹೇಳುತ್ತದೆ

ಬೋಧನಾಭ್ಯಾಸದಲ್ಲಿ ಹತ್ತನೇ ತರಗತಿಗೆ ‘ಕಾರ್ಬನ್ ಮತ್ತು ಅದರ ಸಂಯುಕ್ತಗಳು’ ಘಟಕವನ್ನು ಬೋಧಿಸುತ್ತಿದ್ದೆ. ಎಥನಾಲ್ ಉತ್ಕರ್ಷಣಗೊಂಡು ಎಥನೋಯಿಕ್ ಆಮ್ಲವಾಗುವುದನ್ನು ಜೆ-ಮೋಲ್ ಎಂಬ ಉಚಿತ ತಂತ್ರಾಂಶದಲ್ಲಿ ಅಣುಮಾದರಿಗಳ ಮೂಲಕ ತೋರಿಸಿದೆ. ಎಥನಾಲ್ ಕಪ್ಪು ಹಿನ್ನೆಲೆಯಲ್ಲಿತ್ತು. ಆಮ್ಲದ ಅಣು ಬರುವಾಗ ಹಿನ್ನೆಲೆ ನಿಧಾನವಾಗಿ ಬಿಳಿಯಾಗುವಂತೆ ಮಾಡಿದ್ದೆ. ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. ಪಾಠ ಚೆನ್ನಾಗಿ ಹೋಯಿತೆಂದುಕೊಂಡೆ.

ಕೊನೆಯಲ್ಲಿ ಮೌಲ್ಯಮಾಪನದ ಪ್ರಶ್ನೆ ಕೇಳಿದಾಗ ಒಬ್ಬ ಹುಡುಗಿ ಎದ್ದು, “ಮೇಡಂ, ಉತ್ಕರ್ಷಣ ಆದ್ರೆ ಹೈಡ್ರೋಜನ್ ಎಲ್ಲಾ ಹೋಗ್ಬಿಡುತ್ತಲ್ವಾ?” ಎಂದಳು. ಇನ್ನೂ ಕೆಲವರು ತಲೆಯಾಡಿಸಿದರು.

ತಪ್ಪು ಅವಳದಲ್ಲ. ಎಥನಾಲ್ ಅಣುವಿನಲ್ಲಿ 2 ಕಾರ್ಬನ್, 6 ಹೈಡ್ರೋಜನ್, 1 ಆಕ್ಸಿಜನ್ ಪರಮಾಣುಗಳಿವೆ. ಎಥನೋಯಿಕ್ ಆಮ್ಲದಲ್ಲಿ 2 ಕಾರ್ಬನ್, 4 ಹೈಡ್ರೋಜನ್, 2 ಆಕ್ಸಿಜನ್. ಅಂದರೆ ಹೋಗುವುದು ಎರಡೇ ಹೈಡ್ರೋಜನ್. ಆದರೆ ಜೆ-ಮೋಲ್‌ನಲ್ಲಿ ಹೈಡ್ರೋಜನ್‌ನ ಬಣ್ಣ ಬಿಳಿ. ಕಿಟಕಿಯಿಂದ ಬಿಸಿಲು ಬೀಳುತ್ತಿದ್ದ ಕೋಣೆಯಲ್ಲಿ, ಬಿಳಿ ಹಿನ್ನೆಲೆಯ ಮೇಲೆ, ಉಳಿದ ನಾಲ್ಕೂ ಕಾಣಲಿಲ್ಲ. ಅವಳು ಕಂಡದ್ದನ್ನೇ ಹೇಳಿದ್ದಳು.

ಮನೆಗೆ ಬಂದು ಹಿನ್ನೆಲೆ ಬದಲಾವಣೆಯನ್ನು ಹಂತ ಹಂತವಾಗಿ ಪರಿಶೀಲಿಸಿದೆ. ಜೆ-ಮೋಲ್‌ನಲ್ಲಿ ಬಣ್ಣವನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳಿಂದ ಸೂಚಿಸಬಹುದು. ಪ್ರತಿಯೊಂದೂ 0ಯಿಂದ 255ರವರೆಗೆ. ಮೂರೂ 0 ಆದರೆ ಕಪ್ಪು, ಮೂರೂ 255 ಆದರೆ ಬಿಳಿ. ಹಿನ್ನೆಲೆಯ ಆಜ್ಞೆಯನ್ನು ಲೂಪ್‌ನಲ್ಲಿ ಹಾಕಿ, ಸಂಖ್ಯೆಗಳನ್ನು 20 ಹಂತಗಳಲ್ಲಿ ಏರಿಸಿ, ಪ್ರತಿ ಹಂತದ ನಂತರ 0.1 ಸೆಕೆಂಡ್ ತಡೆದರೆ 2 ಸೆಕೆಂಡಿನಲ್ಲಿ ಬದಲಾವಣೆ ಮುಗಿಯುತ್ತದೆ. ನಾನು ಮಾಡಿದ್ದೂ ಇದನ್ನೇ.

ಆಗ ಇನ್ನೊಂದು ತೊಡಕು ಕಂಡಿತು. ಕಾರ್ಬನ್‌ನ ಬಣ್ಣ ಬೂದು. ಅದರ ಮೂರೂ ಸಂಖ್ಯೆಗಳು 144. ಹನ್ನೊಂದನೇ ಹಂತದಲ್ಲಿ ಹಿನ್ನೆಲೆಯ ಸಂಖ್ಯೆ ಸುಮಾರು 140. ಆ ಕ್ಷಣದಲ್ಲಿ ಕಾರ್ಬನ್ ಕೂಡ ಹಿನ್ನೆಲೆಯಲ್ಲಿ ಕರಗಿದಂತೆ ಕಾಣುತ್ತದೆ. ಆದ್ದರಿಂದ ಆರಂಭದ ಮತ್ತು ಕೊನೆಯ ಬಣ್ಣ ನೋಡಿದರೆ ಸಾಲದು, ನಡುವೆ ಹಾದುಹೋಗುವ ಬಣ್ಣಗಳನ್ನೂ ನೋಡಬೇಕು.

ಪಾಠವನ್ನು ಮರುಯೋಜಿಸುವಾಗ ಮೂರು ಬದಲಾವಣೆ ಮಾಡಿಕೊಂಡೆ.

ಒಂದು, ಅಣು ಬದಲಾಗುವಾಗ ಹಿನ್ನೆಲೆ ಬದಲಾಗಬಾರದು. ಎರಡೂ ಒಟ್ಟಿಗೆ ಬದಲಾದರೆ ಯಾವುದು ರಸಾಯನಶಾಸ್ತ್ರ, ಯಾವುದು ಅಲಂಕಾರ ಎಂದು ಮಗುವಿಗೆ ತಿಳಿಯದು. ಹಿನ್ನೆಲೆ ಬದಲಾವಣೆಯನ್ನು ಉತ್ಕರ್ಷಣ ಮುಗಿದು ಮುಂದಿನ ಪರಿಕಲ್ಪನೆ ಆರಂಭವಾಗುವಲ್ಲಿ ಮಾತ್ರ ಇಟ್ಟೆ.

ಎರಡು, ಬಿಳಿಯನ್ನು ಕೈಬಿಟ್ಟು ಕಪ್ಪಿನಿಂದ ಗಾಢ ನೀಲಿಗೆ ಹೋದೆ. ಈ ದಾರಿಯಲ್ಲಿ ಬಿಳಿಯಾಗಲಿ ಬೂದಾಗಲಿ ಎದುರಾಗುವುದಿಲ್ಲ. ಪ್ರೊಜೆಕ್ಟರ್ ಕಪ್ಪನ್ನು ಮೂಡಿಸಲಾರದು. ಬೆಳಕು ಬೀಳದ ಗೋಡೆಯೇ ಅದರ ಕಪ್ಪು. ಹಾಗಾಗಿ ಬಿಸಿಲಿನ ಕಡೆಯ ಕಿಟಕಿಗಳನ್ನು ಮುಚ್ಚಿಸಿದೆ.

ಮೂರು, ಅಣು ಬದಲಾಗುವ ಮೊದಲು ಮತ್ತು ನಂತರ ಮಕ್ಕಳಿಂದಲೇ ಪರಮಾಣುಗಳನ್ನು ಎಣಿಸಿ ಬರೆಸಿದೆ.

ಮರುದಿನ ಅದೇ ತರಗತಿಗೆ ಹೋಗಿ, “ನಿನ್ನೆ ನಾನು ತೋರಿಸಿದ್ದರಲ್ಲಿ ತಪ್ಪಿತ್ತು” ಎಂದು ಹೇಳಿಯೇ ಆರಂಭಿಸಿದೆ. ಆ ಹುಡುಗಿಯನ್ನೇ ಪರದೆಯ ಬಳಿ ಕರೆದೆ. ಅವಳು ಬೆರಳಿಟ್ಟು ಎಣಿಸಿದಳು: ಆರು, ನಂತರ ನಾಲ್ಕು. “ಎರಡು ಹೋಯ್ತು, ಒಂದು ಆಕ್ಸಿಜನ್ ಬಂತು” ಎಂದಳು. ಉತ್ಕರ್ಷಣದ ವ್ಯಾಖ್ಯೆಯನ್ನು ಅದರಿಂದಲೇ ಕಟ್ಟಿದೆವು.

ಆ ಮೊದಲ ದಿನ ನಾನು ಪ್ರಶ್ನೆ ಕೇಳದೆ ಪಾಠ ಮುಗಿಸಿದ್ದರೆ ತಪ್ಪು ಅವರ ನೋಟ್‌ಬುಕ್‌ನಲ್ಲೇ ಉಳಿಯುತ್ತಿತ್ತು. ಈಗ ಯಾವುದೇ ಅನಿಮೇಷನ್ ತಯಾರಿಸಿದರೂ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ಒಮ್ಮೆ ನೋಡಿ, ಪರಮಾಣುಗಳನ್ನು ಎಣಿಸಿದ ನಂತರವೇ ಪಾಠಕ್ಕೆ ಒಯ್ಯುತ್ತೇನೆ.