ಫಿಸಿಯೋಥೆರಪಿಸ್ಟರ ಉಚ್ಚ ವ್ಯಾಸಂಗ

ಬೆನ್ನುನೋವು, ಕತ್ತುನೋವು, ಮೊಣಕಾಲುನೋವು ಎಂಬ ಮೂವರು ಅತಿಥಿಗಳು ಕಾಲಿಡದ ಮನೆಯು ನಮ್ಮಲ್ಲಿ ದುರ್ಲಭವೆಂದೇ ಹೇಳಬೇಕು. 2020ನೆಯ ಇಸವಿಯಲ್ಲಿ ಭೂಮಂಡಲದ ಮೇಲೆ ಸೊಂಟನೋವಿನಿಂದ ನರಳುತ್ತಿದ್ದವರ ಸಂಖ್ಯೆಯು ಸುಮಾರು 61 ಕೋಟಿ 90 ಲಕ್ಷವೆಂದು ತಜ್ಞರು ಗಣಿಸಿರುವರು. ಇಂಥ ನೋವು ಬಂದಾಗ ಗೃಹಸ್ಥನು ಮೊದಲು ಎಣ್ಣೆ ತಿಕ್ಕಿ ಬಿಸಿನೀರು ಹುಯ್ದುಕೊಳ್ಳುವನು. ಅದರಿಂದ ಗುಣ ಕಾಣದಿದ್ದರೆ ಡಾಕ್ಟರ ಬಳಿಗೆ ಹೋಗುವನು. ಡಾಕ್ಟರು ಮಾತ್ರೆಗಳನ್ನು ಬರೆದು, ಚೀಟಿಯ ಕೊನೆಯಲ್ಲಿ ‘ಫಿಸಿಯೋಥೆರಪಿ’ ಎಂದು ಒಂದು ಮಾತನ್ನು ಸೇರಿಸುವರು. ಆ ಬಳಿಕ ಹತ್ತು ದಿನಗಳವರೆಗೆ ‘ಕರೆಂಟ್ ಕೊಡಿಸಿಕೊಂಡು’ ಬರುವ ಪದ್ಧತಿಯು ಮೊದಲಾಗುವುದು. ಶಸ್ತ್ರವೈದ್ಯನ ಹೆಸರಿನ ಮುಂದಿರುವ ಅಕ್ಷರಗಳನ್ನೆಲ್ಲ ಎಣಿಸಿ ನೋಡುವ ನಾವು, ನಮ್ಮ ಬೆನ್ನುಹುರಿಯ ಮೇಲೆಯೇ ಕೈಯಿಡುವ ಈ ಫಿಸಿಯೋಥೆರಪಿಸ್ಟನು ಏನನ್ನು ಓದಿದವನು, ಎಷ್ಟು ಓದಿದವನು, ಓದಿ ಮುಗಿಸಿದ ಮೇಲೆ ಮತ್ತೆ ಓದಿದನೋ ಇಲ್ಲವೋ ಎಂಬುದನ್ನು ಕೇಳುವುದೇ ಇಲ್ಲ. ಈ ಲೇಖನವು ಆ ಕಡೆಯ ಪ್ರಶ್ನೆಯ ವಿಷಯವಾಗಿದೆ.

ಹೆಸರಿನ ಬಗೆಗೆ ಒಂದು ಮಾತು. ಮಾಂಸಖಂಡ, ಮೂಳೆ, ಕೀಲು, ಕಟ್ಟುಗಳು ಇವೆಲ್ಲವನ್ನೂ ಒಳಗೊಂಡ ಶಾಖೆಗೆ ‘ಮಸ್ಕ್ಯುಲೋಸ್ಕೆಲಿಟಲ್ ಫಿಸಿಯೋಥೆರಪಿ’ ಎಂಬ ಉದ್ದವಾದ ಹೆಸರುಂಟು. ಇದನ್ನು ‘ಸ್ನಾಯು–ಅಸ್ಥಿ ಚಿಕಿತ್ಸೆ’ಯೆಂದು ಕನ್ನಡಿಸುವವರಿದ್ದಾರೆ. ಸುಶ್ರುತಾದಿಗಳು ಸ್ನಾಯುವೆಂದು ಕರೆದದ್ದು ಕೀಲುಗಳನ್ನು ಬಿಗಿಯುವ ಕಟ್ಟನ್ನು; ಮಾಂಸಖಂಡಕ್ಕೆ ಅವರಲ್ಲಿ ಪೇಶಿಯೆಂಬ ಹೆಸರು. ಆದರೆ ಕನ್ನಡದಲ್ಲಿ ಸ್ನಾಯುವೆಂದರೆ ಮಾಂಸಖಂಡವೆಂಬ ಅರ್ಥವೇ ರೂಢಿಗೆ ಬಂದುಹೋಗಿರುವುದು. ರೂಢಿಯೊಡನೆ ಜಗಳವಾಡಿ ಗೆದ್ದ ಪಂಡಿತನನ್ನು ನಾನು ಕಾಣೆನಾದ್ದರಿಂದ ಆ ವಿಚಾರವನ್ನು ಇಲ್ಲಿಗೇ ಬಿಡುವೆನು.

ಅಂಗಮರ್ದನವೂ ವ್ಯಾಯಾಮವೂ ಎಲ್ಲ ದೇಶಗಳಲ್ಲಿಯೂ ಪುರಾತನವಾದವುಗಳೇ. ಆದರೆ ಅವುಗಳನ್ನು ಪಾಠಶಾಲೆಯ ಶಿಸ್ತಿಗೆ ತಂದವರಲ್ಲಿ ಸ್ವೀಡನ್ ದೇಶದ ಪೆರ್ ಹೆನ್ರಿಕ್ ಲಿಂಗ್ ಎಂಬಾತನು ಮುಖ್ಯನು; ಆತನು 1813ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ವ್ಯಾಯಾಮವಿದ್ಯೆಯ ಸಂಸ್ಥೆಯನ್ನು ತೆರೆದನು. 1894ರಲ್ಲಿ ಲಂಡನ್ನಿನ ನಾಲ್ವರು ದಾದಿಯರು, ಮರ್ದನದ ಹೆಸರಿನಲ್ಲಿ ನಡೆಯುತ್ತಿದ್ದ ಅಪಚಾರಗಳಿಂದ ತಮ್ಮ ವೃತ್ತಿಗೆ ಕಳಂಕ ತಟ್ಟದಿರಲೆಂದು, ಪರೀಕ್ಷೆ ಕೊಟ್ಟು ತೇರ್ಗಡೆಯಾದವರ ಒಂದು ಸಂಘವನ್ನು ಕಟ್ಟಿದರು. ಇಂದು ಬ್ರಿಟನ್ನಿನಲ್ಲಿರುವ ಫಿಸಿಯೋಥೆರಪಿಸ್ಟರ ಸಂಘದ ಮೂಲವು ಅದೇ. ನಮ್ಮ ದೇಶದಲ್ಲಿ ಈ ವಿದ್ಯೆಯು ಬೇರೂರಿದ್ದು ಸ್ವಾತಂತ್ರ್ಯಾನಂತರ, ಪೋಲಿಯೋ ಪಿಡುಗಿನ ಕಾಲದಲ್ಲಿ. 1950ರ ದಶಕದ ಮೊದಲಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಾಲೆಯು ತೆರೆಯಿತು. ಭಾರತವು 2014ರಲ್ಲಿ ಪೋಲಿಯೋಮುಕ್ತವೆನಿಸಿತು. ಆದರೆ ಆ ವಿದ್ಯೆಗೆ ಮಾತ್ರ ಕೆಲಸವು ಕಡಿಮೆಯಾಗಲಿಲ್ಲ. ಕುರ್ಚಿಯಲ್ಲಿ ಕುಳಿತು ದುಡಿಯುವವರು ಅದಕ್ಕೆ ಹೊಸ ಕೆಲಸವನ್ನು ಒದಗಿಸಿಕೊಟ್ಟರು.

ಕರ್ನಾಟಕದಲ್ಲಿ ಪ್ರಥಮ ಪದವಿಯನ್ನು ಬಿ.ಪಿ.ಟಿ. ಎನ್ನುವರು. ನಾಲ್ಕು ವರ್ಷಗಳ ಪಾಠ, ಅದರ ಮೇಲೆ ಆಸ್ಪತ್ರೆಯಲ್ಲಿ ಕಡ್ಡಾಯವಾದ ತರಬೇತಿ. ಅದಾದ ಬಳಿಕ ಎರಡು ವರ್ಷಗಳ ಸ್ನಾತಕೋತ್ತರ ಪದವಿಯು ಎಂ.ಪಿ.ಟಿ. 1996ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಹಲವು ಕಾಲೇಜುಗಳಲ್ಲಿಯೂ, ಮಣಿಪಾಲವೇ ಮೊದಲಾದೆಡೆಗಳಲ್ಲಿಯೂ ಇದರ ವ್ಯಾಸಂಗಕ್ಕೆ ಅನುಕೂಲವುಂಟು. ಎಂ.ಪಿ.ಟಿ.ಗೆ ಸೇರುವವನು ಒಂದು ಶಾಖೆಯನ್ನು ಆರಿಸಿಕೊಳ್ಳಬೇಕು: ನರರೋಗ, ಹೃದಯ–ಶ್ವಾಸಕೋಶ, ಶಿಶುಚಿಕಿತ್ಸೆ ಮುಂತಾದವುಗಳೊಡನೆ ಈ ಸ್ನಾಯು–ಅಸ್ಥಿ ಶಾಖೆಯೂ ಒಂದು. ತಾನೇ ಒಂದು ವಿಷಯವನ್ನು ಹಿಡಿದು, ರೋಗಿಗಳನ್ನು ಪರೀಕ್ಷಿಸಿ, ಅಂಕಿಗಳನ್ನು ಕೂಡಿಸಿ, ಪ್ರಬಂಧವೊಂದನ್ನು ಬರೆದು ಒಪ್ಪಿಸಬೇಕು.

ಕಾಲೇಜಿನಿಂದ ನೇರವಾಗಿ ಬರುವ ಹುಡುಗರಿಗೆ ಇದೆಲ್ಲವೂ ಸುಲಭವಾದೀತು. ಸಂಸಾರಿಗೆ ಹಾಗಲ್ಲ. ನನ್ನಲ್ಲಿ ಹೈಸ್ಕೂಲಿನಲ್ಲಿ ಸಂಸ್ಕೃತವನ್ನು ಓದಿದ ಶಿಷ್ಯನೊಬ್ಬನು ತಾಲ್ಲೂಕು ಕೇಂದ್ರವೊಂದರಲ್ಲಿ ಎಂಟು ವರ್ಷಗಳಿಂದ ಚಿಕಿತ್ಸಾಲಯವನ್ನು ನಡೆಸುತ್ತಿದ್ದನು. ಬೇಕಾದಷ್ಟು ರೋಗಿಗಳು, ಯಂತ್ರಗಳಿಗಾಗಿ ಬ್ಯಾಂಕಿನ ಸಾಲ, ಮನೆಯಲ್ಲಿ ಹೆಂಡತಿ, ಶಾಲೆಗೆ ಹೋಗುವ ಮಗು, ವೃದ್ಧಳಾದ ತಾಯಿ. ಇಂಥವನು ಒಂದು ದಿನ ಬಂದು, “ಮೇಷ್ಟ್ರೇ, ಅಂಗಡಿ ಮುಚ್ಚಿ ಎರಡು ವರ್ಷ ಓದೋಣ ಅಂತ ಇದ್ದೀನಿ. ಮನೇಲಿ ಎಲ್ಲರೂ ಹುಚ್ಚು ಅಂತಾರೆ. ತಾವೇನು ಹೇಳ್ತೀರಿ?” ಎಂದು ಕೇಳಿದನು.

“ಸಂಪಾದನೆ ಚೆನ್ನಾಗಿಯೇ ಇದೆಯಲ್ಲಪ್ಪ, ಏನು ಕೊರತೆ?” ಎಂದೆನು.

“ಹತ್ತು ಜನಕ್ಕೆ ಮಾಡಿದ್ರೆ ಆರು ಜನಕ್ಕೆ ವಾಸಿಯಾಗುತ್ತೆ, ಮೇಷ್ಟ್ರೇ. ಆ ಆರು ಜನಕ್ಕೆ ಯಾಕೆ ವಾಸಿಯಾಯಿತು ಅನ್ನೋದು ನನಗೆ ಗೊತ್ತಿಲ್ಲ. ಉಳಿದ ನಾಲ್ಕು ಜನಕ್ಕೆ ಯಾಕೆ ಆಗಲಿಲ್ಲ ಅನ್ನೋದೂ ಗೊತ್ತಿಲ್ಲ” ಎಂದನು.

ಈ ಮಾತನ್ನು ಕೇಳಿದೊಡನೆ ನನಗೆ ಸ್ಮರಣೆಗೆ ಬಂದದ್ದು ಕಾಕತಾಲೀಯ ನ್ಯಾಯ. ಕಾಗೆಯು ಬಂದು ತಾಳೆಯ ಮರದ ಮೇಲೆ ಕುಳಿತಿತು. ಅದೇ ಕ್ಷಣದಲ್ಲಿ ಹಣ್ಣು ಕಳಚಿ ಬಿದ್ದಿತು. ನೋಡಿದವನು ಕಾಗೆಯೇ ಹಣ್ಣನ್ನು ಕೆಡವಿತೆಂದುಕೊಂಡನು. ಹೊಸದಾಗಿ ಬಂದ ಸೊಂಟನೋವುಗಳಲ್ಲಿ ಬಹುಪಾಲು ಏನೂ ಮಾಡದಿದ್ದರೂ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯತಕ್ಕವುಗಳು. ಹಣ್ಣು ಪಕ್ವವಾಗಿದ್ದಾಗ ಯಾವ ಯಂತ್ರವನ್ನು ಬೆನ್ನಿನ ಮೇಲೆ ಇರಿಸಿದರೂ ಕೀರ್ತಿಯು ಆ ಯಂತ್ರಕ್ಕೇ ಸಲ್ಲುವುದು. ರೋಗಿಯು ನಂಬುವನು, ಎಂಟು ವರ್ಷ ಇದನ್ನೇ ಕಂಡ ಚಿಕಿತ್ಸಕನೂ ನಂಬುವನು. ಅನುಭವವೆಂಬುದು ಜ್ಞಾನವನ್ನು ಬೆಳೆಸುವಂತೆಯೇ ಭ್ರಾಂತಿಯನ್ನೂ ಗಟ್ಟಿಮಾಡಬಲ್ಲದು. ಉಚ್ಚ ವ್ಯಾಸಂಗದ ನಿಜವಾದ ಪ್ರಯೋಜನವು ಇಲ್ಲಿಯೇ ಇದೆಯೆಂದು ನನ್ನ ಅಭಿಪ್ರಾಯ. ಹೊಸದೊಂದು ಯಂತ್ರವನ್ನು ನಡೆಯಿಸಲು ಎರಡು ವರ್ಷಗಳು ಬೇಕಾಗಿಲ್ಲ. ಎರಡು ದಿನಗಳು ಸಾಕು. ಕಾಗೆಯನ್ನೂ ಹಣ್ಣನ್ನೂ ಬೇರೆ ಬೇರೆಯಾಗಿ ನೋಡುವ ಅಭ್ಯಾಸಕ್ಕೆ ಎರಡು ವರ್ಷಗಳೂ ಸಾಲವು.

ಆ ಅಭ್ಯಾಸವನ್ನು ಪಾಠಕ್ರಮವಾಗಿ ರೂಪಿಸಿದವರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ನಗರದ ಜೆಫ್ರಿ ಮೇಟ್‌ಲ್ಯಾಂಡ್ ಎಂಬವರ ಹೆಸರು ಪ್ರಸಿದ್ಧವಾದದ್ದು. 1924ರಲ್ಲಿ ಹುಟ್ಟಿ 2010ರಲ್ಲಿ ತೀರಿಕೊಂಡ ಇವರು ಬೆನ್ನೆಲುಬಿನ ಹಸ್ತಚಿಕಿತ್ಸೆಯನ್ನು ಕುರಿತ ಗ್ರಂಥವನ್ನು 1964ರಲ್ಲಿ ಪ್ರಕಟಿಸಿದರು. ವೃತ್ತಿಯಲ್ಲಿ ನುರಿತವರಿಗಾಗಿಯೇ ಅಲ್ಲಿ ಮೊದಲು ಕೆಲವು ತಿಂಗಳ, ಆಮೇಲೆ 1974ರಿಂದ ಒಂದು ಪೂರ್ಣ ವರ್ಷದ ವ್ಯಾಸಂಗವು ನಡೆಯಿತು. ಅವರ ಕ್ರಮವನ್ನು ಸಂಕ್ಷೇಪವಾಗಿ ಹೇಳುವುದಾದರೆ ಹೀಗೆ: ಮೊದಲು ರೋಗಿಯು ಹೇಳುವುದನ್ನು ಪೂರ್ತಿಯಾಗಿ ಕೇಳಬೇಕು. ನೋವು ಯಾವಾಗ ಏರುವುದು, ಎಷ್ಟು ಹೊತ್ತಿಗೆ ಇಳಿಯುವುದು, ರಾತ್ರಿ ಎಬ್ಬಿಸುವುದೋ, ಬೆಳಗ್ಗೆ ಹೇಗಿರುವುದು? ಬಳಿಕ ಅಂಗಗಳನ್ನು ಆಡಿಸಿ ಪರೀಕ್ಷಿಸಬೇಕು. ಮುಖ್ಯವಾದ ಲಕ್ಷಣಗಳ ಪಕ್ಕದಲ್ಲಿ ನಕ್ಷತ್ರದ ಗುರುತನ್ನು ಹಾಕಬೇಕು. ಚಿಕಿತ್ಸೆಯನ್ನು ಮಾಡಿದ ಕೂಡಲೆ ನಕ್ಷತ್ರ ಹಾಕಿದ ಆ ಲಕ್ಷಣಗಳನ್ನೇ ಮತ್ತೆ ಪರೀಕ್ಷಿಸಬೇಕು. ಬದಲಾಗಿದ್ದರೆ ಮುಂದುವರಿಯಬೇಕು, ಇಲ್ಲದಿದ್ದರೆ ತನ್ನ ಊಹೆಯನ್ನೇ ಬದಲಿಸಬೇಕು. ಪುಸ್ತಕದಲ್ಲಿರುವ ಸಿದ್ಧಾಂತಕ್ಕೂ ಎದುರಿಗಿರುವ ರೋಗಿಯ ಲಕ್ಷಣಗಳಿಗೂ ನಡುವೆ ಒಂದು ಗೋಡೆಯಿರುವುದೆಂದೂ, ಎರಡು ಕಡೆಯ ವಿಚಾರಗಳು ಅದನ್ನು ದಾಟಿ ಬರಬಹುದಾದರೂ ಒಂದರಲ್ಲಿ ಒಂದು ಕಲಸಿಹೋಗಬಾರದೆಂದೂ ಅವರು ಬೋಧಿಸುತ್ತಿದ್ದರು. ರೋಗದ ಹೆಸರು ಸಿಕ್ಕಿತೆಂದು ರೋಗಿಯನ್ನು ಮರೆಯಬಾರದೆಂಬುದು ಇದರ ತಾತ್ಪರ್ಯ. ತರ್ಕಶಾಸ್ತ್ರದಲ್ಲಿ ಹೇತುವನ್ನೂ ಹೇತ್ವಾಭಾಸವನ್ನೂ ವಿಂಗಡಿಸುವ ಶ್ರಮವನ್ನು ಬಲ್ಲವರಿಗೆ ಇದರ ರುಚಿ ತಿಳಿದೀತು.

ಆಕಸ್ಮಿಕವಾಗಿ ಕಂಡದ್ದನ್ನೂ ಹೀಗೆ ಪರೀಕ್ಷೆಗೆ ಒಡ್ಡಬಲ್ಲವನಿಗೆ ಅದರಿಂದ ಲಾಭವುಂಟು. 1956ರಲ್ಲಿ ನ್ಯೂಜಿಲೆಂಡಿನ ರಾಬಿನ್ ಮೆಕೆಂಜಿ ಎಂಬ ಫಿಸಿಯೋಥೆರಪಿಸ್ಟರ ಬಳಿಗೆ ಬರುತ್ತಿದ್ದ ಕಾಲುನೋವಿನ ರೋಗಿಯೊಬ್ಬನು, ತಲೆಯ ಭಾಗವು ಎತ್ತರಿಸಲ್ಪಟ್ಟಿದ್ದ ಮಂಚದ ಮೇಲೆ ತಿಳಿಯದೆ ಬೋರಲಾಗಿ ಮಲಗಿಬಿಟ್ಟನು. ಸೊಂಟವು ಹಿಂದಕ್ಕೆ ಬಾಗಿದ ಆ ಭಂಗಿಯು ಅಪಾಯವೆಂದು ಆಗಿನವರ ನಂಬಿಕೆ. ಸ್ವಲ್ಪ ಹೊತ್ತಿನ ಮೇಲೆ ಬಂದು ನೋಡಿದರೆ ವಾರಗಳಿಂದ ಇಳಿಯದಿದ್ದ ಕಾಲುನೋವು ಇಳಿದಿತ್ತು! ಇನ್ನೊಬ್ಬನಾಗಿದ್ದರೆ ಅದೃಷ್ಟವೆಂದು ಸುಮ್ಮನಾಗುತ್ತಿದ್ದನು. ಇಲ್ಲವೆ ಬಂದವರನ್ನೆಲ್ಲ ಬೋರಲು ಮಲಗಿಸುತ್ತಿದ್ದನು. ಮೆಕೆಂಜಿಯವರು ಯಾರಿಗೆ ಹಿಂದಕ್ಕೆ ಬಾಗುವುದರಿಂದ ಗುಣ, ಯಾರಿಗೆ ಮುಂದಕ್ಕೆ, ಯಾರಿಗೆ ಯಾವುದರಿಂದಲೂ ಇಲ್ಲ ಎಂಬುದನ್ನು ವರ್ಷಗಟ್ಟಲೆ ವಿಂಗಡಿಸುತ್ತ ಹೋದರು.

ಹಳೆಯ ಪಾಠಗಳಲ್ಲಿ ಎಷ್ಟೋ ಈಗ ಬದಲಾಗಿರುವುದರಿಂದಲೂ ಮರುವ್ಯಾಸಂಗವು ಅವಶ್ಯವೆನ್ನಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟನೋವಿನ ವಿಷಯವಾಗಿ ಮಾರ್ಗದರ್ಶಿಯೊಂದನ್ನು ಹೊರಡಿಸಿತು. ವ್ಯಾಯಾಮ, ರೋಗಿಗೆ ತಿಳಿವಳಿಕೆ ಕೊಡುವುದು ಮೊದಲಾದವುಗಳನ್ನು ಅದು ಶಿಫಾರಸು ಮಾಡಿರುವುದು. ಸೊಂಟಕ್ಕೆ ಬಿಗಿಯುವ ಬೆಲ್ಟು, ಎಳೆತದ ಚಿಕಿತ್ಸೆ, ಅಲ್ಟ್ರಾಸೌಂಡ್ ಚಿಕಿತ್ಸೆ, ಚರ್ಮದ ಮೇಲೆ ವಿದ್ಯುತ್ತು ಹಾಯಿಸುವ ‘ಟೆನ್ಸ್’ ಇವುಗಳನ್ನು ವಾಡಿಕೆಯಾಗಿ ಬಳಸಬಾರದೆಂದಿರುವುದು. ನಮ್ಮ ಊರುಗಳಲ್ಲಿ ಬೆನ್ನುನೋವಿನ ಚಿಕಿತ್ಸೆಯೆಂದರೆ ಬಹುಮಟ್ಟಿಗೆ ಇವೇ ಅಲ್ಲವೆ? ಎಂ.ಆರ್.ಐ. ಚಿತ್ರಗಳ ಮಾತೂ ಹೀಗೆಯೇ. ಯಾವ ನೋವೂ ಇಲ್ಲದ ಜನರ ಚಿತ್ರಗಳನ್ನು ತೆಗೆದ ಅನೇಕ ಪರಿಶೀಲನೆಗಳನ್ನು ಕೂಡಿಸಿ 2015ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಇಪ್ಪತ್ತು ವಯಸ್ಸಿನವರಲ್ಲಿ ನೂರಕ್ಕೆ 37 ಮಂದಿಗೂ ಐವತ್ತು ವಯಸ್ಸಿನವರಲ್ಲಿ 80 ಮಂದಿಗೂ ಬೆನ್ನೆಲುಬಿನ ಬಿಲ್ಲೆಗಳು ಸವೆದಿದ್ದುವು. ‘ಡಿಸ್ಕ್ ಸವೆದಿದೆ’ ಎಂಬ ವರದಿಯನ್ನು ಹಿಡಿದು ಕಂಗಾಲಾಗುವ ಗೃಹಸ್ಥನಿಗೆ, ಇದು ತಲೆಯ ನರೆಯಂಥದೇ ಒಂದು ಬದಲಾವಣೆಯಾಗಿರಬಹುದೆಂದು ಧೈರ್ಯ ಹೇಳಲು ಚಿಕಿತ್ಸಕನಿಗೆ ಈ ಓದು ಬೇಕು.

ಧೈರ್ಯ ಹೇಳಬಾರದ ಸಂದರ್ಭವನ್ನು ಗುರುತಿಸಲು ಇನ್ನೂ ಹೆಚ್ಚಿನ ಓದು ಬೇಕು. ಮಲಮೂತ್ರಗಳ ಮೇಲಿನ ಹಿಡಿತ ತಪ್ಪುವುದು, ತೊಡೆಗಳ ಸಂದಿಯಲ್ಲಿ ಜೋಮು ಹಿಡಿಯುವುದು, ಕಾಲುಗಳು ಬಲಗುಂದುತ್ತ ಹೋಗುವುದು, ಇವು ಬೆನ್ನುನೋವಿನೊಡನೆ ಕಂಡರೆ ಒಂದು ದಿನವನ್ನೂ ಕಳೆಯದೆ ಆಸ್ಪತ್ರೆಗೆ ಕಳುಹಿಸಬೇಕು. ಸಂಜೆಯ ಜ್ವರ, ಕಾರಣವಿಲ್ಲದೆ ಇಳಿಯುವ ದೇಹದ ತೂಕ, ಮಲಗಿದರೂ ಶಮನವಾಗದ ನೋವು ಇವುಗಳ ಹಿಂದೆ ಬೆನ್ನೆಲುಬಿನ ಕ್ಷಯವೋ ಅರ್ಬುದವೋ ಅಡಗಿರಬಹುದು. ಅಂಥ ಬೆನ್ನನ್ನು ತಿಳಿಯದೆ ಒತ್ತಿದರೆ ಆಗುವ ಅನರ್ಥವನ್ನು ವಿವರಿಸಬೇಕಾಗಿಲ್ಲ.

ನನ್ನ ಶಿಷ್ಯನು ಕೊನೆಗೆ ಓದಲು ಹೋದನು. ನಾನು ಹೋಗೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಪತಂಜಲಿಯು ಮಹಾಭಾಷ್ಯದಲ್ಲಿ ವಿದ್ಯೆಗೆ ನಾಲ್ಕು ಕಾಲಗಳನ್ನು ಹೇಳಿರುವನೆಂದು ಮಾತ್ರ ಜ್ಞಾಪಿಸಿದೆನು: ಗುರುವಿನಿಂದ ಪಡೆಯುವುದು, ತಾನೇ ಅಭ್ಯಾಸ ಮಾಡುವುದು, ಇತರರಿಗೆ ಹೇಳುವುದು, ವ್ಯವಹಾರದಲ್ಲಿ ಬಳಸುವುದು. ವ್ಯವಹಾರವನ್ನು ಮುಟ್ಟಿದವನು ಮರಳಿ ಮೊದಲನೆಯದಕ್ಕೆ ಹೋಗಬಾರದೆಂದು ಆತನು ಎಲ್ಲಿಯೂ ಹೇಳಿಲ್ಲ. ಆ ಎರಡು ವರ್ಷ ಹೆಂಡತಿಯು ಹೊಲಿಗೆಯಿಂದಲೂ ಮನೆಪಾಠದಿಂದಲೂ ಸಂಸಾರವನ್ನು ತೂಗಿಸಿದಳು. ಇಂಥ ವ್ಯಾಸಂಗದ ಶುಲ್ಕವನ್ನು ಮನೆಯವರೆಲ್ಲರೂ ಸೇರಿ ತೆರುವರೆಂಬುದನ್ನು ವಿಶ್ವವಿದ್ಯಾಲಯಗಳು ನೆನೆಯಬೇಕು. ಬ್ರಿಟನ್ನಿನಲ್ಲಿ ಈ ಪದವಿಯನ್ನು 180 ಅಂಶಗಳಾಗಿ ಎಣಿಸಿ, 60 ಆದಾಗ ಒಂದು ಪ್ರಮಾಣಪತ್ರ, 120 ಆದಾಗ ಡಿಪ್ಲೊಮಾ, ಪೂರ್ತಿಯಾದಾಗ ಪದವಿ ಎಂದು ಮೆಟ್ಟಿಲು ಮಾಡಿರುವರು. ನೌಕರಿಯಲ್ಲಿದ್ದುಕೊಂಡೇ ಹಲವು ವರ್ಷಗಳಲ್ಲಿ ಹತ್ತಬಹುದು. ಹಸ್ತಚಿಕಿತ್ಸಕರ ಅಂತರರಾಷ್ಟ್ರೀಯ ಒಕ್ಕೂಟವು, ಅನುಭವಿಯಾದ ಗುರುವು ಪಕ್ಕದಲ್ಲಿ ನಿಂತು ನೋಡುತ್ತಿರುವಾಗ ಕನಿಷ್ಠ 150 ಗಂಟೆಗಳ ಕಾಲ ರೋಗಿಗಳನ್ನು ಚಿಕಿತ್ಸಿಸಬೇಕೆಂದು ವಿಧಿಸಿರುವುದು. ಈ ಎರಡು ಏರ್ಪಾಡುಗಳೂ ನಮ್ಮಲ್ಲಿ ಹೆಚ್ಚಾಗಬೇಕು. ಶನಿವಾರ ಭಾನುವಾರ ಹೋಟೆಲಿನಲ್ಲಿ ಕಲಿಸಿ ಸೋಮವಾರ ಪ್ರಮಾಣಪತ್ರ ಕೊಡುವ ತರಗತಿಗಳು ಇವಕ್ಕೆ ಬದಲಾಗಲಾರವು. ಎಂ.ಪಿ.ಟಿ. ಎಂಬ ಮೂರಕ್ಷರಗಳನ್ನು ಹಲಗೆಯ ಮೇಲೆ ಬರೆಸಿಕೊಂಡು ಹಿಂದಿನಂತೆಯೇ ಗುಂಡಿ ಒತ್ತುತ್ತಿರುವವರೂ ಇಲ್ಲದಿಲ್ಲ. ಆ ಪದವಿಯಿಲ್ಲದೆಯೇ ದಿನವೂ ಓದುತ್ತಿರುವ ಕೆಲವರನ್ನೂ ನಾನು ಬಲ್ಲೆನು.

ಹಿಂದಿರುಗಿ ಬಂದ ಶಿಷ್ಯನಿಗೆ ಮೊದಮೊದಲು ರೋಗಿಗಳು ಕಡಿಮೆಯಾದರು. “ಮುಕ್ಕಾಲು ಗಂಟೆ ಬರೀ ಪ್ರಶ್ನೆ ಕೇಳ್ತಾರೆ, ಕರೆಂಟೇ ಕೊಡಲಿಲ್ಲ” ಎಂದು ನಮ್ಮ ಬೀದಿಯ ಹಿರಿಯರೊಬ್ಬರು ದುಡ್ಡು ವ್ಯರ್ಥವಾದಂತೆ ದೂರಿದರು. ಅವರಿಗೆ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದನ್ನು ದಿನಕ್ಕೆ ಮೂರಾವೃತ್ತಿ ಮಾಡಲು ಆತನು ಹೇಳಿದ್ದನು. ಮನಸ್ಸಿಲ್ಲದ ಮನಸ್ಸಿನಿಂದ ಮಾಡಿದರು. ಮೂರು ತಿಂಗಳಾದ ಮೇಲೆ ದೇವಸ್ಥಾನದ ಮೆಟ್ಟಿಲುಗಳನ್ನು ಹತ್ತುತ್ತಿರುವರು. ಇದು ಕಾಗೆಯೋ ಹಣ್ಣೋ ಎಂದು ನಾನು ಶಿಷ್ಯನನ್ನು ಕೇಳಿದೆನು. “ಒಬ್ಬರಿಂದ ಹೇಳೋಕಾಗಲ್ಲ, ಮೇಷ್ಟ್ರೇ” ಎಂದು ನಕ್ಕನು. ಆತನ ಅಲ್ಟ್ರಾಸೌಂಡ್ ಯಂತ್ರವು ಈಗ ಮೂಲೆಯಲ್ಲಿ ಬಟ್ಟೆ ಹೊದ್ದುಕೊಂಡು ಕುಳಿತಿದೆ. ಬ್ಯಾಂಕಿಗೆ ಅದರ ಕಂತು ಇನ್ನೂ ಏಳು ತಿಂಗಳು ಬಾಕಿಯಿರುವುದು.