ರಾಯ್‌ಬಾಸ್ ಕೆಂಪು ಚಹಾ: ಗುಣಗಳು ಮತ್ತು ತಯಾರಿಸುವ ಕ್ರಮ

ಬೆಳಗಾದರೆ ಕಾಫಿ ಅಥವಾ ಚಹಾ ಕಾಯಿಸದ ಮನೆ ಇಂದು ಹಳ್ಳಿಗಳಲ್ಲಿಯೂ ವಿರಳ. ಇವೆರಡರಲ್ಲಿಯೂ ಕೆಫೀನ್ ಎಂಬ ಉತ್ತೇಜಕ ವಸ್ತುವಿದೆ. ಇದರಿಂದ ಕೆಲವರಿಗೆ ನಿದ್ರೆ ಬಾರದಿರುವುದು, ಎದೆಬಡಿತ ಹೆಚ್ಚುವುದು ಮುಂತಾದ ತೊಂದರೆಗಳು ಉಂಟಾಗುತ್ತವೆ. ಇಂಥವರು ಕುಡಿಯಬಹುದಾದ ಕೆಫೀನ್‌ರಹಿತ ಪಾನೀಯವೆಂದು ದಕ್ಷಿಣ ಆಫ್ರಿಕದ ರಾಯ್‌ಬಾಸ್ ಚಹಾ ಈಗ ನಗರದ ಅಂಗಡಿಗಳಲ್ಲಿ ಮಾರಾಟಕ್ಕೆ ಬಂದಿದೆ. ಹೊಸ ಸಸ್ಯದ ಹೆಸರು ಕೇಳಿದೊಡನೆ ರೈತರ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳುವುದು ಸಹಜ. ಕುಡಿದರೆ ಏನು ಪ್ರಯೋಜನ? ಬೆಳೆದರೆ ಏನು ಲಾಭ? ಈ ಎರಡಕ್ಕೂ ಉತ್ತರ ತಿಳಿಯಬೇಕಾದರೆ ಗಿಡದ ಸ್ವಭಾವವನ್ನು ಮೊದಲು ಅರಿಯಬೇಕು.

ಸಸ್ಯ ಪರಿಚಯ

ರಾಯ್‌ಬಾಸ್ ನಿಜವಾದ ಚಹಾ ಗಿಡವಲ್ಲ. ಇದು ತೊಗರಿ, ಅವರೆ, ಹುರುಳಿಗಳ ಕುಟುಂಬಕ್ಕೆ ಸೇರಿದ ಪೊದೆ. ಇದರ ಸಸ್ಯಶಾಸ್ತ್ರೀಯ ಹೆಸರು ಆಸ್ಪಲಾಥಸ್ ಲಿನಿಯಾರಿಸ್. ಆಫ್ರಿಕಾನ್ಸ್ ಭಾಷೆಯಲ್ಲಿ ರಾಯ್‌ಬಾಸ್ ಎಂದರೆ ‘ಕೆಂಪು ಪೊದೆ’. ಎಲೆಗಳು ಸೂಜಿಯಂತೆ ಸಪೂರವಾಗಿದ್ದು ಹಸಿರಾಗಿಯೇ ಇರುತ್ತವೆ; ಕೆಂಪು ಬಣ್ಣ ಬರುವುದು ಸಂಸ್ಕರಣೆಯ ನಂತರ. ಹೂಗಳು ಚಿಕ್ಕವು, ಹಳದಿ ಬಣ್ಣದವು. ಕಾಯಿಯೊಂದರಲ್ಲಿ ಸಾಮಾನ್ಯವಾಗಿ ಒಂದೇ ಬೀಜವಿದ್ದು, ಒಣಗಿದಾಗ ಸಿಡಿದು ದೂರ ಬೀಳುತ್ತದೆ.

ಕೇಪ್‌ಟೌನ್ ನಗರದ ಉತ್ತರಕ್ಕಿರುವ ಸೀಡರ್‌ಬರ್ಗ್ ಬೆಟ್ಟಗಳು ಹಾಗೂ ಕ್ಲಾನ್‌ವಿಲಿಯಂ ಊರಿನ ಸುತ್ತಮುತ್ತಲ ಪ್ರದೇಶ ಇದರ ತವರು. ಅಲ್ಲಿನ ಮೂಲನಿವಾಸಿಗಳಾದ ಖೋಯ್ ಮತ್ತು ಸಾನ್ ಜನರು ಕಾಡಿನಿಂದ ಇದನ್ನು ತಂದು, ಕತ್ತರಿಸಿ, ಜಜ್ಜಿ, ಒಣಗಿಸಿ ಪಾನೀಯ ಮಾಡುತ್ತಿದ್ದರು. 1904ರಲ್ಲಿ ಬೆಂಜಮಿನ್ ಗಿನ್ಸ್‌ಬರ್ಗ್ ಎಂಬ ವರ್ತಕ ಇದನ್ನು ಕೊಂಡು ಮಾರಲು ಆರಂಭಿಸಿದ. ಆದರೆ ಬೀಜದ ಸಿಪ್ಪೆ ಬಹಳ ಗಡುಸಾದುದರಿಂದ ಮೊಳಕೆ ಬರುವುದೇ ಕಷ್ಟವಾಗಿತ್ತು. ಕ್ಲಾನ್‌ವಿಲಿಯಂನ ವೈದ್ಯ ಡಾ. ಲೆ ಫ್ರಾಸ್ ನಾರ್ಟಿಯರ್ 1930ರ ಸುಮಾರಿಗೆ ಬೀಜದ ಸಿಪ್ಪೆಯನ್ನು ಉಜ್ಜಿ ಸವೆಸಿ ಬಿತ್ತುವ ವಿಧಾನವನ್ನು ರೂಢಿಗೆ ತಂದ ಮೇಲೆ ಕಾಡಿನ ಗಿಡ ಹೊಲದ ಬೆಳೆಯಾಯಿತು.

ಹವಾಗುಣ, ಮಣ್ಣು ಮತ್ತು ಬೇಸಾಯ

ಈ ಬೆಳೆಗೆ ನೀರು ಚೆನ್ನಾಗಿ ಬಸಿದುಹೋಗುವ, ಹುಳಿ ಗುಣದ, ಆಳವಾದ ಮರಳು ಭೂಮಿ ಬೇಕು. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ. ಬೇಸಿಗೆ ಬಿಸಿಯಾಗಿ, ಒಣದಾಗಿ ಇರುತ್ತದೆ. ತಾಯಿಬೇರು ಎರಡು ಮೀಟರಿಗೂ ಹೆಚ್ಚು ಆಳಕ್ಕೆ ಇಳಿಯುವುದರಿಂದ ಗಿಡ ಬೇಸಿಗೆಯನ್ನು ತಾಳಿಕೊಳ್ಳುತ್ತದೆ. ಬೇರುಗಂಟುಗಳಲ್ಲಿರುವ ಅಣುಜೀವಿಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಸ್ಥಿರೀಕರಿಸಿಕೊಳ್ಳುತ್ತದೆ. ರಂಜಕ ತೀರ ಕಡಮೆಯಿರುವ ಬಡ ಮಣ್ಣಿಗೆ ಹೊಂದಿಕೊಂಡಿರುವ ಈ ಗಿಡಕ್ಕೆ ರಂಜಕ ಗೊಬ್ಬರ ಹೆಚ್ಚಾದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಫೆಬ್ರವರಿ–ಮಾರ್ಚ್ ತಿಂಗಳಲ್ಲಿ ಸಸಿಮಡಿಗಳಲ್ಲಿ ಬೀಜ ಬಿತ್ತಿ, ಜೂನ್‌ನಿಂದ ಆಗಸ್ಟ್‌ವರೆಗೆ ಸಸಿಗಳನ್ನು ನಾಟಿ ಮಾಡುತ್ತಾರೆ. ಸುಮಾರು ಒಂದೂವರೆ ವರ್ಷಕ್ಕೆ ಮೊದಲ ಕೊಯ್ಲು ದೊರೆಯುತ್ತದೆ. ಅನಂತರ ವರ್ಷಕ್ಕೊಮ್ಮೆ, ಅಲ್ಲಿನ ಬೇಸಿಗೆಯಲ್ಲಿ, ನೆಲದಿಂದ ಸುಮಾರು 30 ಸೆಂ. ಮೀ. ಎತ್ತರ ಬಿಟ್ಟು ಕತ್ತರಿಸುತ್ತಾರೆ. ಕೆಲವು ಕೊಯ್ಲುಗಳ ನಂತರ ಇಳುವರಿ ತಗ್ಗುವುದರಿಂದ ಗಿಡಗಳನ್ನು ಕಿತ್ತು, ಓಟ್ಸ್‌ನಂತಹ ಬೆಳೆ ಹಾಕಿ ಭೂಮಿಗೆ ಬಿಡುವು ಕೊಡುವುದು ರೂಢಿ.

ಸಂಸ್ಕರಣೆ

ಕೊಯ್ದ ರೆಂಬೆಗಳನ್ನು ಎಲೆಸಮೇತ ಕೆಲವೇ ಮಿಲಿಮೀಟರ್ ಉದ್ದಕ್ಕೆ ಕತ್ತರಿಸಿ, ನೀರು ಚಿಮುಕಿಸಿ, ಜಜ್ಜಿ ರಾಶಿ ಹಾಕುತ್ತಾರೆ. ಗಾಳಿಯ ಆಮ್ಲಜನಕ ಸೇರಿ ರಾಶಿ ಬಿಸಿಯಾಗುತ್ತದೆ. ಕೆಲವು ಗಂಟೆಗಳಲ್ಲಿ ಹಸಿರು ಬಣ್ಣ ಹೋಗಿ ಇಟ್ಟಿಗೆಗೆಂಪು ಬಣ್ಣವೂ ಸಿಹಿಯಾದ ಪರಿಮಳವೂ ಬರುತ್ತವೆ. ಆಗ ತೆಳುವಾಗಿ ಹರಡಿ ಬಿಸಿಲಿನಲ್ಲಿ ಒಣಗಿಸಿ, ಜರಡಿ ಹಿಡಿದು, ಹಬೆಯಿಂದ ಶುದ್ಧಿಗೊಳಿಸಿ ಪ್ಯಾಕೆಟ್ ಮಾಡುತ್ತಾರೆ. ರಾಶಿ ಹಾಕದೆ ಬೇಗನೆ ಒಣಗಿಸಿದರೆ ಹಸಿರು ರಾಯ್‌ಬಾಸ್ ಸಿದ್ಧವಾಗುತ್ತದೆ. ಆಸ್ಪಲಾಥಿನ್ ಎಂಬ ಈ ಗಿಡದ ವಿಶಿಷ್ಟ ಉತ್ಕರ್ಷಣ ನಿರೋಧಕ ವಸ್ತು ಹಸಿರು ಬಗೆಯಲ್ಲಿ ಹೆಚ್ಚು. ಕೆಂಪು ಬಗೆಯಲ್ಲಿ ಬಹುಪಾಲು ಕಡಮೆಯಾಗಿರುತ್ತದೆ.

ಗುಣಗಳು

1. ಕೆಫೀನ್ ಇಲ್ಲ. ಆದ್ದರಿಂದ ರಾತ್ರಿ ಕುಡಿದರೂ ನಿದ್ರೆಗೆ ಭಂಗವಿಲ್ಲ.

2. ಟ್ಯಾನಿನ್ ಅಂಶ ಚಹಾಕ್ಕಿಂತ ಕಡಮೆ. ಚಹಾದ ಟ್ಯಾನಿನ್ ಆಹಾರದಲ್ಲಿರುವ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತದೆ. ದಕ್ಷಿಣ ಆಫ್ರಿಕದಲ್ಲಿ ಯುವಕರ ಮೇಲೆ ನಡೆದು 1979ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಬ್ಬಿಣಾಂಶವನ್ನು ನೀರಿನೊಡನೆ ಕೊಟ್ಟಾಗ ಶೇ. 9.3, ರಾಯ್‌ಬಾಸ್‌ನೊಡನೆ ಶೇ. 7.3, ಚಹಾದೊಡನೆ ಕೇವಲ ಶೇ. 1.7ರಷ್ಟು ಭಾಗ ದೇಹಗತವಾಯಿತು.

3. ಹೃದ್ರೋಗದ ಅಪಾಯವಿದ್ದ 40 ಮಂದಿ ದಿನಕ್ಕೆ ಆರು ಲೋಟದಂತೆ ಆರು ವಾರ ಕುಡಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಅವರ ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಇಳಿದು, ಒಳ್ಳೆಯ ಕೊಲೆಸ್ಟರಾಲ್ ಏರಿತು. ಆದರೆ ಇದು ಸಣ್ಣ ಅಧ್ಯಯನ. ಇದನ್ನು ನೆಚ್ಚಿ ಯಾರೂ ವೈದ್ಯರು ಕೊಟ್ಟ ಔಷಧಿಯನ್ನು ಬಿಡಬಾರದು.

ಕ್ಯಾನ್ಸರ್ ವಾಸಿಯಾಗುತ್ತದೆ, ಸಕ್ಕರೆ ಕಾಯಿಲೆ ಗುಣವಾಗುತ್ತದೆ ಎಂಬ ಪ್ರಚಾರಕ್ಕೆ ಮನುಷ್ಯರ ಮೇಲಿನ ಪ್ರಯೋಗಗಳ ಆಧಾರವಿಲ್ಲ. ಬಹು ಅಪರೂಪವಾಗಿ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳು ವರದಿಯಾಗಿರುವುದರಿಂದ ಯಕೃತ್ತಿನ ಕಾಯಿಲೆಯುಳ್ಳವರು ವೈದ್ಯರ ಸಲಹೆ ಪಡೆಯಬೇಕು. ಎಳೆಯ ಮಕ್ಕಳಿಗೆ ತಾಯಿಹಾಲಿನ ಬದಲು ಇದನ್ನು ಎಂದಿಗೂ ಕೊಡಬಾರದು.

ತಯಾರಿಸುವ ಕ್ರಮ

ಒಂದು ಲೋಟ, ಅಂದರೆ 200 ಮಿ. ಲೀ. ನೀರಿಗೆ ಒಂದು ಟೀ ಚಮಚ ಪುಡಿ ಸಾಕು. ನೀರು ಚೆನ್ನಾಗಿ ಕುದಿಯುತ್ತಿರುವಾಗ ಪುಡಿಯ ಮೇಲೆ ಹೊಯ್ದು ಪಾತ್ರೆಯನ್ನು ಮುಚ್ಚಿ 5ರಿಂದ 10 ನಿಮಿಷ ಬಿಡಬೇಕು. ಸಣ್ಣ ಉರಿಯಲ್ಲಿ ಕೆಲವು ನಿಮಿಷ ಕುದಿಸಿದರೂ ಅಡ್ಡಿಯಿಲ್ಲ. ಟ್ಯಾನಿನ್ ಕಡಮೆಯಿರುವುದರಿಂದ ಚಹಾದಂತೆ ಒಗರಾಗುವುದಿಲ್ಲ. ಪುಡಿ ನಯವಾಗಿರುವುದರಿಂದ ಬಟ್ಟೆಯಲ್ಲಿ ಇಲ್ಲವೆ ಸಣ್ಣ ಕಣ್ಣಿನ ಜಾಲರಿಯಲ್ಲಿ ಸೋಸಬೇಕು. ಹಾಲು ಬೆರೆಸಿ ಕುಡಿಯಬಹುದು. ಹಾಲಿಲ್ಲದೆ ಸ್ವಲ್ಪ ನಿಂಬೆರಸ ಹಾಕಿಯೂ, ಬೇಸಿಗೆಯಲ್ಲಿ ತಣಿಸಿಯೂ ಕುಡಿಯಬಹುದು. ಸಹಜವಾಗಿಯೇ ತುಸು ಸಿಹಿ ಇರುವುದರಿಂದ ಸಕ್ಕರೆ, ಬೆಲ್ಲ ಕಡಮೆ ಸಾಕು. ಉಳಿದ ಪುಡಿಯನ್ನು ತೇವ ತಾಗದಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು.

ಕರ್ನಾಟಕದಲ್ಲಿ ಬೆಳೆಯಬಹುದೇ?

ಕರ್ನಾಟಕದ ಮಳೆಗಾಲ ಬಿಸಿ ಹವೆಯಲ್ಲಿ ಬರುತ್ತದೆ. ರಾಯ್‌ಬಾಸ್‌ಗೆ ಬೇಕಾದುದು ತಂಪು ಹವೆಯ ಮಳೆ. ಕರಿಮಣ್ಣು ಕ್ಷಾರ ಗುಣದ್ದು, ನೀರು ಹಿಡಿಯುವಂಥದ್ದು. ಮಲೆನಾಡಿನ ಮಣ್ಣು ಹುಳಿಯಾಗಿದ್ದರೂ ಮಳೆ ವಿಪರೀತ. ದಕ್ಷಿಣ ಆಫ್ರಿಕದ ಆ ಪ್ರದೇಶವನ್ನು ಬಿಟ್ಟರೆ ಬೇರೆಲ್ಲಿಯೂ ಇದು ದೊಡ್ಡ ಪ್ರಮಾಣದ ವಾಣಿಜ್ಯ ಬೆಳೆಯಾಗಿ ನೆಲೆಯೂರಿಲ್ಲ. ಹೀಗಿರುವಾಗ ಎಕರೆಗೆ ಇಷ್ಟು ಸಾವಿರ ಲಾಭವೆಂಬ ಮಾತು ನಂಬಿ ಬೀಜ ಅಥವಾ ಸಸಿಗಳಿಗೆ ಹಣ ಹಾಕುವುದು ನಷ್ಟಕ್ಕೆ ದಾರಿ. ಯಾವ ಹೊಸ ಬೆಳೆಯೇ ಆಗಲಿ, ಕೃಷಿ ವಿಶ್ವವಿದ್ಯಾಲಯ ಅಥವಾ ಕೃಷಿ ವಿಜ್ಞಾನ ಕೇಂದ್ರದ ಶಿಫಾರಸು ಇಲ್ಲದೆ ಕೈಗೊಳ್ಳಬಾರದು.

ಬೆಳೆಯಲಾಗದಿದ್ದರೂ ಕಲಿಯಬೇಕಾದ ಅಂಶಗಳಿವೆ. 2019ರಲ್ಲಿ ಆದ ಒಪ್ಪಂದದಂತೆ ಅಲ್ಲಿನ ರಾಯ್‌ಬಾಸ್ ಉದ್ಯಮ, ರೈತರಿಂದ ಕೊಳ್ಳುವ ಬೆಲೆಯ ಶೇ. 1.5ರಷ್ಟನ್ನು ಖೋಯ್ ಮತ್ತು ಸಾನ್ ಜನರಿಗೆ ಸಲ್ಲಿಸಬೇಕು. ಗಿಡದ ಉಪಯೋಗವನ್ನು ತೋರಿಸಿಕೊಟ್ಟವರಿಗೆ ಒಂದು ಶತಮಾನ ಕಳೆದ ಮೇಲೆ ಪಾಲು ದೊರೆಯಿತು. 2021ರಲ್ಲಿ ಐರೋಪ್ಯ ಒಕ್ಕೂಟವು ಈ ಹೆಸರನ್ನು ಆ ಪ್ರದೇಶದ ಉತ್ಪನ್ನಕ್ಕೇ ಮೀಸಲಿರಿಸಿತು. ಭಾರತದಲ್ಲಿಯೂ 2002ರ ಜೀವವೈವಿಧ್ಯ ಕಾಯಿದೆಯಡಿ ಗ್ರಾಮ ಮಟ್ಟದಲ್ಲಿ ಜೀವವೈವಿಧ್ಯ ದಾಖಲಾತಿ ಮಾಡಲು ಅವಕಾಶವಿದೆ. ಊರಿನ ಹಿರಿಯರಿಗೆ ಗೊತ್ತಿರುವ ಗಿಡಮೂಲಿಕೆಗಳ ವಿವರ ಈ ದಾಖಲೆಗೆ ಸೇರುವಂತೆ ಗ್ರಾಮಸ್ಥರು ಮತ್ತು ವಿಸ್ತರಣಾ ಕಾರ್ಯಕರ್ತರು ಆಸಕ್ತಿ ವಹಿಸಬೇಕು.

ಎರಡನೆಯ ಪಾಠ ಮನೆಯೊಳಗಿನದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ರಾಗಿ, ಸೊಪ್ಪು, ಕಾಳುಗಳ ಊಟದೊಡನೆ ಅಥವಾ ಕಬ್ಬಿಣದ ಮಾತ್ರೆಯೊಡನೆ ಚಹಾ ಕುಡಿದರೆ ಅದರ ಪ್ರಯೋಜನ ಕುಗ್ಗುತ್ತದೆ. ಇದನ್ನು ತಪ್ಪಿಸಲು ದುಬಾರಿ ಪ್ಯಾಕೆಟ್ ಕೊಳ್ಳಬೇಕಾಗಿಲ್ಲ. ಊಟಕ್ಕೆ ಮೊದಲು ಒಂದು ಗಂಟೆ, ಊಟದ ನಂತರ ಒಂದು ಗಂಟೆ ಕಾಫಿ, ಚಹಾ ಕುಡಿಯದಿದ್ದರೆ ಸಾಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2024ರಲ್ಲಿ ಕೊಟ್ಟ ಸಲಹೆಯೂ ಇದೇ. ಕೊಳ್ಳುವ ಅನುಕೂಲವುಳ್ಳವರು ರಾಯ್‌ಬಾಸ್ ಕುಡಿಯಲಿ. ಉಳಿದವರು ಚಹಾದ ಹೊತ್ತನ್ನು ಊಟದಿಂದ ದೂರ ಸರಿಸಿದರೆ ಖರ್ಚಿಲ್ಲದೆ ಲಾಭ ಪಡೆಯಬಹುದು.