ಪೂರ್ವಿಕರ ಊಟದಲ್ಲಿ ಧಾನ್ಯವಿತ್ತೆ?

ಕೃಷಿ ಆರಂಭವಾಗಿ ಸುಮಾರು 10,000 ವರ್ಷಗಳಷ್ಟೇ ಆಗಿವೆ. ನಮ್ಮ ದೇಹ ಧಾನ್ಯಕ್ಕೆ ಇನ್ನೂ ಹೊಂದಿಕೊಂಡಿಲ್ಲ. ಆದ್ದರಿಂದ ಧಾನ್ಯ, ಬೇಳೆ, ಹಾಲನ್ನು ಬಿಟ್ಟು ಮಾಂಸ, ಮೀನು, ಹಣ್ಣು, ತರಕಾರಿ ತಿನ್ನಬೇಕು. ಇದು ಅಮೆರಿಕದ ವಿಜ್ಞಾನಿ ಲೋರೆನ್ ಕಾರ್ಡೇನ್ 2002ರಲ್ಲಿ ಪ್ರಕಟಿಸಿದ ‘ದಿ ಪೇಲಿಯೊ ಡಯಟ್’ ಪುಸ್ತಕದ ವಾದ.

ಇದನ್ನು ಪರೀಕ್ಷಿಸುವುದು ಹೇಗೆ? ಇಸ್ರೇಲಿನ ಒಹಾಲೊ ನೆಲೆಯಲ್ಲಿ ಸುಮಾರು 23,000 ವರ್ಷ ಹಳೆಯ ಅರೆಯುವ ಕಲ್ಲು ದೊರೆತಿದೆ. ಅದರಲ್ಲಿ ಉಳಿದಿದ್ದ ಕಾಡುಬಾರ್ಲಿಯ ಪಿಷ್ಟಕಣಗಳನ್ನು ಡೊಲೊರೆಸ್ ಪಿಪರ್ನೊ ಮತ್ತು ಸಂಗಡಿಗರು 2004ರಲ್ಲಿ ವರದಿ ಮಾಡಿದರು. ಪರಸ್ಪರ ಲಂಬವಾಗಿಟ್ಟ ಎರಡು ಪೋಲರಾಯ್ಡ್‌ಗಳ ನಡುವೆ ಪಿಷ್ಟಕಣದಲ್ಲಿ ಕಪ್ಪು ಶಿಲುಬೆಯಾಕಾರ ಕಾಣುತ್ತದೆ. ಆಲೂಗೆಡ್ಡೆಯ ಪಿಷ್ಟವನ್ನು ಸೂಕ್ಷ್ಮದರ್ಶಕದಲ್ಲಿ ಹೀಗೆ ನೀವೂ ನೋಡಬಹುದು. ಕಣದ ಗಾತ್ರ, ಆಕಾರಗಳು ಸಸ್ಯವನ್ನು ಗುರುತಿಸಲು ನೆರವಾಗುತ್ತವೆ.

ಸಂಸ್ಕರಿತ ಸಕ್ಕರೆ, ಅತಿಯಾದ ಉಪ್ಪು ಬೇಡವೆಂಬ ಕಾರ್ಡೇನರ ಸಲಹೆ ಒಪ್ಪತಕ್ಕದ್ದೇ. ಆದರೆ ಧಾನ್ಯವು ಕೃಷಿಯೊಡನೆಯೇ ನಮ್ಮ ಊಟಕ್ಕೆ ಬಂದಿತೆಂಬ ಊಹೆಯನ್ನು ಆ ಕಲ್ಲು ಒಪ್ಪುವುದಿಲ್ಲ.